ಕಡಲ ಬಿಸ್ಕತ್ತು ಮತ್ತು ಆಟಿಯ ಡಬ್ಬ

ಬಿಸ್ಕತ್ತು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಚಹಾದ ಬಟ್ಟಲಿನ ಪಕ್ಕದಲ್ಲಿ ಕುಳಿತಿರುವ, ಬೆಣ್ಣೆ ಸಕ್ಕರೆಗಳ ಸಹವಾಸದಿಂದ ಮೃದುವಾದ, ಅದ್ದಿದರೆ ಅರೆಕ್ಷಣದಲ್ಲಿ ಕೈಕೊಟ್ಟು ತಳ ಸೇರುವ ತಿನಿಸು. ನಾನು ಇಂದು ಹೇಳಹೊರಟಿರುವುದು ಅದರ ಮುತ್ತಜ್ಜನ ವಿಚಾರ. ಈ ಮುತ್ತಜ್ಜನಿಗೆ ಬೆಣ್ಣೆಯೂ ಇಲ್ಲ, ಸಕ್ಕರೆಯೂ ಇಲ್ಲ. ಹಿಟ್ಟು, ನೀರು, ಉಪ್ಪು, ಇಷ್ಟೇ ಅವನ ಬಂಡವಾಳ. ಬಿಸಿ ಚಹಾದಲ್ಲಿ ಮುಳುಗಿಸಿ, ಅಂದಿನ ಪತ್ರಿಕೆಯ ಎರಡು ಪುಟ ಓದಿ ಮುಗಿಸಿ ಹಿಂದಿರುಗಿದರೂ ಅವನು ತನ್ನ ಪಟ್ಟು ಬಿಟ್ಟಿರುವುದಿಲ್ಲ. ಇಂಗ್ಲಿಷ್ ನಾವಿಕರ ಆಡುಮಾತಿನಲ್ಲಿ ‘ಟ್ಯಾಕ್’ ಎಂದರೆ ತಿನಿಸು. ಗಟ್ಟಿಯಾದ ತಿನಿಸಾದ್ದರಿಂದ ಇದು ‘ಹಾರ್ಡ್‌ಟ್ಯಾಕ್’ ಆಯಿತು. ನಾವು ಕಡಲ ಬಿಸ್ಕತ್ತು ಎಂದು ಕರೆಯೋಣ.

ಕಳೆದ ಬೇಸಗೆಯಲ್ಲಿ ಮಣಿಪಾಲದ ನನ್ನ ಮಗಳ ಮನೆಯಲ್ಲಿ ಈ ಬಿಸ್ಕತ್ತನ್ನು ನಾನೇ ಕೈಯಾರೆ ಮಾಡಿದೆ. ಜೀವಮಾನವಿಡೀ ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆ ಬಂತೆಂದು ಕೇಳುಗರಿಗೆ ಅನ್ನಿಸಬಹುದು. ಕಾರಣ ನನ್ನ ಮೊಮ್ಮಗಳು. ಅವಳು ಹಡಗಿನ ಸಾಹಸದ ಒಂದು ಕತೆಪುಸ್ತಕವನ್ನು ಓದುತ್ತಿದ್ದವಳು ನಡುವೆ ತಲೆಯೆತ್ತಿ, “ಅಜ್ಜ, ಇವರು ಬಿಸ್ಕತ್ತನ್ನು ಮೇಜಿಗೆ ಕುಟ್ಟಿ ಕುಟ್ಟಿ ತಿನ್ನುವುದು ಯಾಕೆ?” ಎಂದಳು. ಒಳಗಿರುವ ಹುಳಗಳು ಉದುರಲಿ ಎಂದು, ಎಂದೆ. ಅವಳು ಮುಖ ಸಿಂಡರಿಸಿ, ಮರುಕ್ಷಣವೇ, “ನಾವು ಮಾಡಿ ನೋಡುವನಾ?” ಎಂದಳು. ಮಕ್ಕಳಿಗೆ ಅಸಹ್ಯಕ್ಕೂ ಕುತೂಹಲಕ್ಕೂ ನಡುವೆ ಗೋಡೆಯಿಲ್ಲ. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ನನ್ನದೇ ಇನ್ನೊಂದು ಕಾರಣವೂ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಬಿಸ್ಕತ್ತಿನ ಕುಲಗೋತ್ರವನ್ನು ಕೊಂಚ ನೋಡೋಣ. ಬಿಸ್ಕತ್ತು ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯದು. ‘ಎರಡು ಸಲ ಬೇಯಿಸಿದ್ದು’ ಎಂದು ಅದರ ಅರ್ಥ. ಒಮ್ಮೆ ಬೇಯಿಸುವುದು ತಿನ್ನುವುದಕ್ಕಾಗಿ, ಇನ್ನೊಮ್ಮೆ ಬೇಯಿಸುವುದು ಕೆಡದಿರುವುದಕ್ಕಾಗಿ. ತಿಂಗಳುಗಟ್ಟಲೆ ನೆಲ ಕಾಣದ ಹಡಗುಗಳಲ್ಲಿ ಇದಿಲ್ಲದೆ ಗತಿಯಿರಲಿಲ್ಲ. ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಗ್ಲೆಂಡಿನ ನೌಕಾಡಳಿತದ ಅಧಿಕಾರಿಯೂ ಆಗಿದ್ದ. 1677ರಲ್ಲಿ ಅವನು ಗೊತ್ತುಪಡಿಸಿದ ಪಡಿಯಂತೆ ಪ್ರತಿಯೊಬ್ಬ ನಾವಿಕನಿಗೆ ದಿನವೊಂದಕ್ಕೆ ಒಂದು ಪೌಂಡ್ ಬಿಸ್ಕತ್ತು, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದು ಗ್ಯಾಲನ್ ಬಿಯರು. ಬಿಸ್ಕತ್ತಿನ ಗಡಸುತನವನ್ನು ಬಲ್ಲವರಿಗೆ ಪಾನೀಯದ ಈ ಪ್ರಮಾಣ ಅತಿಯೆಂದು ತೋರದು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರ ಮುಖ್ಯ ಆಹಾರವೂ ಇದೇ. ದಿನಕ್ಕೆ ಒಂಬತ್ತೋ ಹತ್ತೋ ಬಿಲ್ಲೆಗಳು. ಅವರು ಬಂದೂಕಿನ ಹಿಡಿಯಿಂದ ಅದನ್ನು ಜಜ್ಜಿ ಕುದಿಯುವ ಕಾಫಿಗೆ ಹಾಕುತ್ತಿದ್ದರು. ಹುಳಗಳು ಮೇಲೆ ತೇಲಿದಾಗ ಚಮಚದಿಂದ ಕೆನೆ ತೆಗೆಯುವಂತೆ ತೆಗೆದು ಚೆಲ್ಲಿ, ಉಳಿದುದನ್ನು ನಿಶ್ಚಿಂತೆಯಿಂದ ಕುಡಿಯುತ್ತಿದ್ದರು. ಆ ಯುದ್ಧದಲ್ಲಿದ್ದ ಜಾನ್ ಬಿಲ್ಲಿಂಗ್ಸ್ ಎಂಬಾತ 1887ರಲ್ಲಿ ಪ್ರಕಟಿಸಿದ ತನ್ನ ನೆನಪುಗಳ ಪುಸ್ತಕಕ್ಕೆ ‘ಹಾರ್ಡ್‌ಟ್ಯಾಕ್ ಮತ್ತು ಕಾಫಿ’ ಎಂದೇ ಹೆಸರಿಟ್ಟ.

ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರ ಹಡಗುಗಳಲ್ಲಿಯೂ ಈ ಬಿಸ್ಕತ್ತು ಇತ್ತು. ಅವರು ಇಲ್ಲಿಂದ ಕೊಂಡುಹೋದದ್ದು ಮಾತ್ರ ಅಕ್ಕಿ. ಬಸ್ರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಇಲ್ಲದಿದ್ದರೆ ಅವರ ಗೋವೆಗೆ ಊಟ ದುಸ್ತರವಾಗುತ್ತಿತ್ತು. ಗೋಧಿಯ ಬಿಲ್ಲೆ ಕಡಿದು ಸವೆದ ಹಲ್ಲುಗಳಿಗೆ ನಮ್ಮ ಅನ್ನ ಎಷ್ಟು ಹಿತವಾಗಿತ್ತೋ ಏನೋ!

ಇನ್ನೊಂದು ಮಾತನ್ನು ಹೇಳದಿದ್ದರೆ ಕನ್ನಡ ಎಂ.ಎ. ಮಾಡಿದ ಋಣ ತೀರದು. ದಾರಿಯ ಆಹಾರಕ್ಕೆ ನಮ್ಮಲ್ಲಿ ‘ಬುತ್ತಿ’ ಎಂಬ ಸೊಗಸಾದ ಮಾತಿದೆ. ಸಂಸ್ಕೃತದಲ್ಲಿ ‘ಪಾಥೇಯ’ ಎಂದೂ ‘ಶಂಬಲ’ ಎಂದೂ ಇದೆ. ತಿಂಗಳಿಗೊಮ್ಮೆ ನಾವು ಎಣಿಸಿಕೊಳ್ಳುವ ‘ಸಂಬಳ’ವನ್ನು ಈ ಶಂಬಲದ ಸಂತಾನವೆಂದು ಹೇಳುವವರಿದ್ದಾರೆ. ಮುಂದಿನ ನಿಲ್ದಾಣದವರೆಗೆ ಸಾಕಾಗುವಷ್ಟು ಬುತ್ತಿ ಎಂಬ ಅರ್ಥದಲ್ಲಿ ಅದು ನನಗೆ ಯಾವಾಗಲೂ ಸರಿಯೆನಿಸಿದೆ. ಶಾಲಾ ಮಾಸ್ತರರಾಗಿದ್ದ ನನ್ನ ತಂದೆಯವರ ಸಂಬಳವಂತೂ ಎಷ್ಟೋ ತಿಂಗಳು ನಿಲ್ದಾಣ ಬರುವ ಮೊದಲೇ ಮುಗಿದುಹೋಗುತ್ತಿತ್ತು.

ನನ್ನ ಇನ್ನೊಂದು ಕಾರಣ ಇಲ್ಲಿಂದ ಮೊದಲಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ಅದೆಲ್ಲವೂ ದಕ್ಷಿಣ ಕನ್ನಡ. 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ರಾತ್ರಿಯಲ್ಲಿ ನಮ್ಮ ಮಾಡಿನ ಹಂಚಿನ ಸಂದಿಯಿಂದ ಆಗಾಗ ಒಳಗೆ ಇಣುಕಿ ಹೋಗುತ್ತಿತ್ತು. 1965 ಮತ್ತು 1966, ಎರಡು ವರ್ಷವೂ ದೇಶದಲ್ಲಿ ಮಳೆ ಕೈಕೊಟ್ಟಿತು. ಅಕ್ಕಿ ಸಾಲದಾಯಿತು. ಅಮೆರಿಕದ ಸಾರ್ವಜನಿಕ ಕಾಯಿದೆ 480ರ ಮೇರೆಗೆ ಹಡಗು ಹಡಗು ಗೋಧಿ ಭಾರತಕ್ಕೆ ಬಂತು. ನಮ್ಮಲ್ಲಿ ಗಂಜಿ ಉಣ್ಣುವ ಮನೆಗಳಿಗೂ ಪಡಿತರದಲ್ಲಿ ಗೋಧಿ ಬಂತು. ಇಂದು ಚಪಾತಿ ಎಲ್ಲರ ಮನೆಯ ತಿನಿಸು. ಆದರೆ ಆಗ ಕುಚ್ಚಲಕ್ಕಿಯ ಗಂಜಿ, ಒಂದು ತುಂಡು ಉಪ್ಪಿನಕಾಯಿ, ಸಿಕ್ಕಿದರೆ ಮೀನು, ಇಷ್ಟರಲ್ಲೇ ಲೋಕ ಮುಗಿಯುತ್ತಿದ್ದ ನಮ್ಮಂಥವರಿಗೆ ಗೋಧಿಯನ್ನು ಏನು ಮಾಡಬೇಕೆಂದೇ ತಿಳಿದಿರಲಿಲ್ಲ. ಅಮ್ಮ ಮೊದಲು ಅದರ ಗಂಜಿ ಕಾಯಿಸಿದಳು. ನಾವು ಮೂವರು ಮಕ್ಕಳೂ ಬಟ್ಟಲನ್ನು ದೂರ ಸರಿಸಿದೆವು.

ಅಷ್ಟರಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತ್ತು. ತುಳುನಾಡಿನವರಿಗೆ ಮಳೆಗಾಲದ ಭಯವೆಂದರೆ ಆಟಿಯ ಭಯ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಒಂದು ತಿಂಗಳಲ್ಲಿ ಹೊಲದಲ್ಲಿ ಕೆಲಸವಿಲ್ಲ, ಕಡಲಿಗೆ ದೋಣಿ ಇಳಿಸುವಂತಿಲ್ಲ, ಹಿಂದಿನ ಬೆಳೆ ತೀರಿರುತ್ತದೆ, ಮುಂದಿನದು ಇನ್ನೂ ಹಸುರಾಗಿರುತ್ತದೆ. ಅದಕ್ಕೆಂದೇ ಬೇಸಗೆಯಲ್ಲಿ ಹಲಸಿನ ಸೊಳೆ ಉಪ್ಪಿನಲ್ಲಿ ಬೀಳುತ್ತದೆ, ಹಪ್ಪಳ ಚಾಪೆಯ ಮೇಲೆ ಒಣಗುತ್ತದೆ, ಮಾವಿನಕಾಯಿ ಭರಣಿ ಸೇರುತ್ತದೆ. ಗೋಧಿಯನ್ನು ಹಾಗೆಯೇ ಇಟ್ಟರೆ ಮಳೆಯ ಥಂಡಿಗೆ ಮುಗ್ಗಲು ಹಿಡಿಯುವುದೆಂದು ಅಮ್ಮನಿಗೆ ಖಚಿತವಿತ್ತು. ಅವಳು ಅಷ್ಟನ್ನೂ ತೊಳೆದು, ಒಣಗಿಸಿ, ಬೀಸುವ ಕಲ್ಲಿಗೆ ಹಾಕಿದಳು. ತರಿತರಿಯಾದ ಆ ಹಿಟ್ಟಿಗೆ ಉಪ್ಪು ನೀರು ಚಿಮುಕಿಸಿ ನಾದಿ, ಬಾಳೆಲೆಯ ಮೇಲೆ ಅಂಗೈಯಗಲ ತಟ್ಟಿ, ಮಣ್ಣಿನ ಓಡಿನ ಮೇಲೆ ಸುಟ್ಟಳು. ತೆಂಗಿನ ಸಿಪ್ಪೆಯ ಸಣ್ಣ ಉರಿ. ಸುಟ್ಟದ್ದನ್ನು ಅಲ್ಲಿಗೇ ಬಿಡದೆ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯ ಬಿಸಿಗೆ, ನಾಲ್ಕು ದಿನ ಹರಡಿದಳು. ಆಮೇಲೆ ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳದ ಸುತ್ತ ಹಿಟ್ಟಿನ ಅಂಟಿನಿಂದ ಕಾಗದ ಹಚ್ಚಿದಳು.

ಆಟಿಯಲ್ಲಿ ಆ ಡಬ್ಬ ತೆರೆಯಿತು. ಕಚ್ಚಲು ಹೋಗಿ ತಮ್ಮನ ಹಾಲುಹಲ್ಲೊಂದು ಬಿದ್ದಿತು. ಅದು ಹೇಗೂ ಅಲ್ಲಾಡುತ್ತಿತ್ತೆನ್ನಿ. ಅಮ್ಮ ಅದನ್ನು ಒರಳಿನ ಅಂಚಿಗೆ ಕುಟ್ಟಿ ತುಂಡು ಮಾಡಿ, ತೆಳ್ಳಗಿನ ತೆಂಗಿನಹಾಲಿನಲ್ಲಿ ನೆನೆಯಿಡುತ್ತಿದ್ದಳು. ಬೆಲ್ಲವಿದ್ದ ದಿನ ಬೆಲ್ಲ, ಇಲ್ಲದ ದಿನ ಉಪ್ಪು. ನಾವು ಅದಕ್ಕೆ ‘ಕಲ್ಲುರೊಟ್ಟಿ’ ಎಂದು ಹೆಸರಿಟ್ಟೆವು. ಮುಂದೆ ಎಷ್ಟೋ ವರ್ಷಗಳ ಬಳಿಕ ಬಿಲ್ಲಿಂಗ್ಸನ ಪುಸ್ತಕ ಕೈಗೆ ಸಿಕ್ಕಿದಾಗ ನಾನು ಬೆರಗಾದೆ. ನೂರು ವರ್ಷಗಳ ಹಿಂದೆ ಅಮೆರಿಕದ ಗೋಧಿಯಿಂದ ಅಮೆರಿಕದ ಸೈನಿಕರಿಗಾಗಿ ಮಾಡಿದ್ದನ್ನೇ ಅದೇ ದೇಶದ ಗೋಧಿಯಿಂದ ಕಾಪುವಿನ ಹೆಂಗಸೊಬ್ಬಳು, ಯಾರೂ ಹೇಳಿಕೊಡದೆ, ಮಾಡಿದ್ದಳು. ಅಮ್ಮ ಆಗ ಇರಲಿಲ್ಲ, ಹೇಳಲಾಗಲಿಲ್ಲ.

ಇರಲಿ. ಮಣಿಪಾಲಕ್ಕೆ ಬರೋಣ. ನನ್ನ ಮೊದಲ ಪ್ರಯತ್ನ ಸಂಪೂರ್ಣವಾಗಿ ಕೆಟ್ಟಿತು. ಕೆಟ್ಟದ್ದರಿಂದಲೇ ನಾನು ಕಲಿತೆ. ಅರ್ಧ ಕಿಲೋ ಗೋಧಿಹಿಟ್ಟು, ಎರಡು ಚಮಚ ಉಪ್ಪು, ಸುಮಾರು 200 ಮಿಲಿಲೀಟರ್ ನೀರು. ನಾದಿ, ಲಟ್ಟಿಸಿ, ಕತ್ತರಿಸಿ, ವಿದ್ಯುತ್ ಓವನಿನಲ್ಲಿ ಒಂದು ಗಂಟೆ ಬೇಯಿಸಿದೆ. ಹೊಂಬಣ್ಣ ಬಂತು, ಪರಿಮಳ ಬಂತು, ಮೇಲ್ಮೈ ಗಟ್ಟಿಯಾಯಿತು. “ದಂತವೈದ್ಯ ಕಾಲೇಜು ಹತ್ತಿರವೇ ಉಂಟು ಅಪ್ಪ, ಹೆದರುವುದು ಬೇಡ” ಎಂದಳು ಮಗಳು. ಹೆಮ್ಮೆಯಿಂದ ಡಬ್ಬಕ್ಕೆ ಹಾಕಿದೆ. ಎರಡು ವಾರ ಕಳೆದು ತೆರೆದರೆ ಹಳೆಯ ಗೋಡೆಯ ವಾಸನೆ; ಒಂದನ್ನು ಮುರಿದು ನೋಡಿದರೆ ನಡುವೆ ಹಸುರು ಬೂಷ್ಟು.

ತಪ್ಪೆಲ್ಲಿ? ಮೊದಲೇ ತೂಗಿಟ್ಟಿದ್ದರಿಂದ ಉತ್ತರ ಸಿಕ್ಕಿತು. ಹಿಟ್ಟು, ನೀರು, ಉಪ್ಪು ಸೇರಿ 710 ಗ್ರಾಂ ಇದ್ದದ್ದು ಬೆಂದ ಮೇಲೆ 560 ಗ್ರಾಂ ಆಗಿತ್ತು. ನಾನು ಸೇರಿಸಿದ ನೀರಿನಲ್ಲಿ 50 ಗ್ರಾಂ ಇನ್ನೂ ಒಳಗೇ ಕುಳಿತಿತ್ತು. ಅಷ್ಟೇ ಅಲ್ಲ. ಒಣಗಿದೆಯೆಂದು ನಾವು ತಿಳಿಯುವ ಹಿಟ್ಟಿನಲ್ಲಿಯೇ ನೂರಕ್ಕೆ ಹನ್ನೆರಡರಷ್ಟು ನೀರಿರುತ್ತದೆ; ಅರ್ಧ ಕಿಲೋದಲ್ಲಿ ಸುಮಾರು 60 ಗ್ರಾಂ. ಕಡಲ ಬಿಸ್ಕತ್ತಿನಲ್ಲಿ ನಾವು ಬೆರೆಸಿದ ನೀರೂ ಹೋಗಬೇಕು, ಹಿಟ್ಟು ತಾನಾಗಿ ತಂದ ನೀರಿನಲ್ಲಿಯೂ ಹೆಚ್ಚು ಪಾಲು ಹೋಗಬೇಕು. ಬೂಷ್ಟಿಗೂ ಇತರ ಸೂಕ್ಷ್ಮಜೀವಿಗಳಿಗೂ ಆಹಾರದಲ್ಲಿ ಪಿಷ್ಟ ಎಷ್ಟಿದ್ದರೂ ನೀರಿಲ್ಲದೆ ಬದುಕಿಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪು, ಪಾಕದಲ್ಲಿ ಸಕ್ಕರೆ ನೀರನ್ನು ತಾವೇ ಕಟ್ಟಿಹಾಕಿಕೊಂಡು ಅವುಗಳಿಗೆ ಸಿಗದಂತೆ ಮಾಡುತ್ತವೆ. ಹಪ್ಪಳದಲ್ಲಿ, ಬಿಸ್ಕತ್ತಿನಲ್ಲಿ ನೀರನ್ನೇ ಹೊರಗಟ್ಟುತ್ತೇವೆ. ಆದ್ದರಿಂದ ಇದಕ್ಕೊಂದು ಸರಳವಾದ ಪರೀಕ್ಷೆ: ಬೆಂದ ಬಿಸ್ಕತ್ತಿನ ತೂಕ, ನೀವು ತೆಗೆದುಕೊಂಡ ಒಣಹಿಟ್ಟಿನ ತೂಕಕ್ಕಿಂತಲೂ ಕಡಿಮೆಯಾಗಿರಬೇಕು. ಬಣ್ಣವನ್ನು ನಂಬಬೇಡಿ. ಬಣ್ಣ ಹೊರಗಿನ ಮಾತು.

ಎರಡನೆಯ ಸಲ ಹೀಗೆ ಮಾಡಿದೆ. ಅದೇ ಅಳತೆ. ಹಿಟ್ಟನ್ನು ಚಪಾತಿಯ ಹದಕ್ಕಿಂತ ಬಹಳ ಗಟ್ಟಿಯಾಗಿ ನಾದಬೇಕು. ಮುದ್ದೆ ಕೈಗೆ ಅಂಟಲೇಬಾರದು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಇಲ್ಲದಿದ್ದರೆ ಲಟ್ಟಿಸಿದ್ದು ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪಕ್ಕೆ ಲಟ್ಟಿಸಿ, ಮೂರು ಅಂಗುಲದ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ನಾಲ್ಕು ಸಾಲಿನಲ್ಲಿ ಹದಿನಾರು ತೂತುಗಳನ್ನು ಅಡಿಯವರೆಗೂ ಚುಚ್ಚಿದೆವು. ಚುಚ್ಚುವ ಅಧಿಕಾರ ಮೊಮ್ಮಗಳದು. ಈ ತೂತುಗಳು ಅಲಂಕಾರವಲ್ಲ. ಒಳಗಿನ ನೀರು ಹಬೆಯಾದಾಗ ದಾರಿ ಸಿಗದಿದ್ದರೆ ಪೂರಿಯಂತೆ ಉಬ್ಬಿ ಮೇಲಿನ ಪದರ ಬೇರೆ, ಕೆಳಗಿನ ಪದರ ಬೇರೆ ಆಗುತ್ತದೆ. ನಡುವೆ ಹಸಿ ಉಳಿಯುತ್ತದೆ. ಪೇಟೆಯ ಬಿಸ್ಕತ್ತುಗಳ ಮೇಲೆ ಇಂದಿಗೂ ಕಾಣುವ ತೂತುಗಳು ಆ ಹಳೆಯ ದಾರಿಗಳೇ. 190 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಮಗ್ಗುಲು ಅರ್ಧ ಗಂಟೆ, ಮಗುಚಿ ಇನ್ನರ್ಧ ಗಂಟೆ. ನಾನು ಮೊದಲ ಸಲ ನಿಲ್ಲಿಸಿದ್ದು ಇಲ್ಲಿಗೇ. ಈ ಬಾರಿ ಶಾಖವನ್ನು 110ಕ್ಕೆ ಇಳಿಸಿ ಮತ್ತೆ ಮೂರು ಗಂಟೆ ಬಿಟ್ಟೆ. ಆರಿಸಿದ ಮೇಲೂ ಓವನಿನೊಳಗೇ ತಣಿಯಗೊಟ್ಟೆ. ಅಮ್ಮನ ಅಟ್ಟದ ನಾಲ್ಕು ದಿನಗಳ ಕೆಲಸ ಇದೇ ಆಗಿತ್ತೆಂದು ಆಗ ಹೊಳೆಯಿತು. ತೂಗಿದರೆ 475 ಗ್ರಾಂ. ಒಂದಕ್ಕೊಂದು ತಾಗಿಸಿದರೆ ಹಂಚಿಗೆ ಹಂಚು ತಾಗಿದ ಸದ್ದು.

ಎಣ್ಣೆ, ತುಪ್ಪ ಸ್ವಲ್ಪ ಹಾಕಿದರೆ ಮೆತ್ತಗಾಗದೇ ಎಂದು ಕೇಳುವವರಿಗೆ ಒಂದು ಮಾತು. ಆಗುತ್ತದೆ, ಆದರೆ ಜಿಡ್ಡು ಕೆಲವು ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಇಡೀ ಗೋಧಿಯ ಹಿಟ್ಟಿನಲ್ಲಿ ಕಾಳಿನ ಮೊಳಕೆಯ ಎಣ್ಣೆಯೂ ಇರುವುದರಿಂದ ಅದೂ ಅನಂತಕಾಲ ಬಾಳದು. ವರ್ಷಗಟ್ಟಲೆ ಇಡಬೇಕೆನ್ನುವವರು ಮೈದಾ ಬಳಸಬೇಕು. ನಮಗೆ ಬೇಕಾದದ್ದು ಆಟಿಯವರೆಗೆ ಮಾತ್ರ.

ಹೀಗೆ ಗೆದ್ದ ಬಿಸ್ಕತ್ತನ್ನು ಅಕ್ಕನಿಗೆ ತೋರಿಸದೆ ನೆಮ್ಮದಿಯಿಲ್ಲ. ನನಗಿಂತ ಆರು ವರ್ಷ ಹಿರಿಯಳಾದ ಅವಳು ಕಾರ್ಕಳದಲ್ಲಿದ್ದಾಳೆ. ಇಂದಿಗೂ ಮನೆಯಲ್ಲೇ ರೊಟ್ಟಿ ಮಾಡುವವಳು. ನಮ್ಮ ಕಡೆ ಬರಿಯ ‘ರೊಟ್ಟಿ’ ಎಂದರೆ ಅಕ್ಕಿಯ ಗರಿಗರಿ ರೊಟ್ಟಿ. ಕೋಳಿಯ ಸಾರಿನ ಜೊತೆ ಬಂದಾಗ ಕೋರಿ ರೊಟ್ಟಿ. ‘ಕೋರಿ’ ಎಂದರೆ ತುಳುವಿನಲ್ಲಿ ಕೋಳಿ. ಪರವೂರಿನ ಅತಿಥಿಗಳು ಇದನ್ನು ಹಪ್ಪಳವೆಂದು ಭಾವಿಸಿ ಕಡಿಯಲು ತೊಡಗುವುದನ್ನು ನೋಡಿದ್ದೇನೆ. ಮುರಿದು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಸಾರು ಸುರಿದು, ಅದು ಕುಡಿದು ಮೆತ್ತಗಾಗುವವರೆಗೆ ಎರಡು ನಿಮಿಷ ಕಾಯಬೇಕು. ಸೈನಿಕರ ಕಾಫಿಯ ಉಪಾಯವೂ ಇದೇ ತಾನೆ? ತೆಗೆದ ನೀರನ್ನು ಉಣ್ಣುವ ಹೊತ್ತಿಗೆ ಹಿಂದಕ್ಕೆ ಕೊಡುವುದು. ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿಯೂ ಈ ಬಳಗದ್ದೇ.

ಅಂದು ಅಕ್ಕ ರೊಟ್ಟಿಯ ಕೆಲಸದಲ್ಲೇ ಇದ್ದಳು. ರಾತ್ರಿ ನೆನೆಹಾಕಿದ ಕುಚ್ಚಲಕ್ಕಿಯನ್ನು ಉಪ್ಪಿನೊಂದಿಗೆ ನುಣ್ಣಗೆ ಅರೆದು ನೀರಾಗಿಸಿಕೊಂಡಿದ್ದಳು. ಹುಳಿ ಬರಿಸುವುದಿಲ್ಲ. ಕಾದ ಕಬ್ಬಿಣದ ಕಾವಲಿಯ ಮೇಲೆ ಒಂದು ಸೌಟು ಸುರಿದು ಹರಡಿ, ಚಪ್ಪಟೆ ಸಟ್ಟುಗದಿಂದ ಅದರಲ್ಲಿ ಬಹುಪಾಲನ್ನು ಹೆರೆದು ತೆಗೆದು ಮತ್ತೆ ಪಾತ್ರೆಗೆ ಹಾಕಿದಳು. ಕಾವಲಿಗೆ ಅಂಟಿ ಉಳಿದ ತೆಳುಪೊರೆಯೇ ರೊಟ್ಟಿ. ಸಣ್ಣ ಉರಿಯಲ್ಲಿ ಅಂಚು ತಾನಾಗಿ ಎದ್ದಾಗ ಮಡಿಸಿ, ಬಿಸಿ ಒಲೆಯ ಬದಿಗಿಟ್ಟಳು. ನೋಡುತ್ತಿದ್ದಂತೆ ನನಗೆ ಎರಡರ ವ್ಯತ್ಯಾಸವೂ ಸ್ಪಷ್ಟವಾಯಿತು. ಗೋಧಿಯಲ್ಲಿ ಅಂಟಿನ ಗುಣವುಳ್ಳ ಸಸಾರಜನಕವಿದೆ. ಅದು ಹಿಟ್ಟನ್ನು ಬಲೆಯಂತೆ ಹಿಡಿದು ಒಣಗಿದಾಗ ಮರದಂತಾಗುತ್ತದೆ. ಆದ್ದರಿಂದ ದಪ್ಪ ಬಿಲ್ಲೆ ಸಾಧ್ಯ. ಆದರೆ ದಪ್ಪವಿರುವುದರಿಂದ ಗಂಟೆಗಟ್ಟಲೆ ಒಣಗಿಸಬೇಕು. ಅಕ್ಕಿಗೆ ಆ ಅಂಟಿಲ್ಲ. ದಪ್ಪಕ್ಕೆ ಹೋದರೆ ಅದು ಬಿರಿಯುತ್ತದೆ. ನಮ್ಮವರು ಆ ಕೊರತೆಯನ್ನೇ ಹಿಡಿದುಕೊಂಡು ಕಾಗದದಷ್ಟು ತೆಳ್ಳಗೆ ಮಾಡಿದರು. ತೆಳ್ಳಗಾದ್ದರಿಂದ ನಿಮಿಷಗಳಲ್ಲಿ ಒಣಗುತ್ತದೆ. ಹಡಗಿನಲ್ಲಿ ಚೀಲಕ್ಕೆ ತುಂಬಿ ಎಸೆದಾಡಲು ಬಿಲ್ಲೆಯೇ ಬೇಕು. ಮನೆಯ ಡಬ್ಬಕ್ಕೆ ರೊಟ್ಟಿ ಸಾಕು.

ನಾನು ಒಯ್ದ ಬಿಸ್ಕತ್ತನ್ನು ಅಕ್ಕ ಕೈಯಲ್ಲಿ ಹಿಡಿದು ತಿರುಗಿಸಿ, ಒರಳಿನ ಅಂಚಿಗೆ ಕುಟ್ಟಿದಳು. ಯಾರೂ ಹೇಳದೆ. “ಕಲ್ಲುರೊಟ್ಟಿ” ಎಂದಳು. ನಾವು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಆ ವರ್ಷ ಡಬ್ಬ ತುಂಬುವಾಗ ಎಣಿಸಿ ಕೊಟ್ಟವಳು ತಾನೇ ಎಂದು ಅವಳು ನೆನಪಿಸಿಕೊಂಡಳು. ಒಬ್ಬರಿಗೆ ದಿನಕ್ಕೆ ಎರಡರಂತೆ, ಆಟಿಯ ಮೂವತ್ತು ದಿನಕ್ಕೆ ಇನ್ನೂರ ನಾಲ್ವತ್ತು.

ನಾನು ಲೆಕ್ಕ ಹಾಕಿ, “ಅದು ನಾಲ್ಕು ಮಂದಿಗಲ್ಲವಾ ಅಕ್ಕ? ನಾವು ಐದು ಮಂದಿ ಇದ್ದೆವು” ಎಂದೆ.

“ನಾನೂ ಅದನ್ನೇ ಕೇಳಿದ್ದೆ” ಎಂದಳು ಅವಳು. “ಲೆಕ್ಕ ಸರಿ ಉಂಟು, ನೀನು ಎಣಿಸು, ಅಂದಳು ಅಮ್ಮ.”

ಅಕ್ಕ ಕಾವಲಿಗೆ ಇನ್ನೊಂದು ಸೌಟು ಸುರಿದಳು. ನಾನು ಮತ್ತೇನನ್ನೂ ಕೇಳಲಿಲ್ಲ.

ಮಳೆ ಬಂದ ಮೇಲೆ ನಾವು ಒಂದು ಪರೀಕ್ಷೆ ಮಾಡಿದೆವು. ಒಂದು ಬಿಸ್ಕತ್ತನ್ನು ಕಾಪುವಿನ ಹಳೆಮನೆಯ ಜಗಲಿಯ ಗೋಡೆಯ ಮೇಲೆ ತೆರೆದಿಟ್ಟೆವು; ಉಳಿದವು ಮುಚ್ಚಳ ಬಿಗಿದ ಡಬ್ಬದಲ್ಲಿ. ಜಗಲಿಯದು ಮೂರನೆಯ ದಿನಕ್ಕೆ ಸದ್ದು ಕಳೆದುಕೊಂಡಿತು; ವಾರದೊಳಗೆ ಒತ್ತಿದರೆ ಉಗುರಿನ ಗುರುತು ಮೂಡಿತು; ಆಮೇಲೆ ಇರುವೆಗಳು ಅದನ್ನು ತಮ್ಮದಾಗಿಸಿಕೊಂಡವು. ನಮ್ಮ ಕಡಲ ಗಾಳಿ ಕೊಡುವ ನೀರನ್ನು ಒಣಬಿಸ್ಕತ್ತು ಎಂದೂ ಬೇಡವೆನ್ನುವುದಿಲ್ಲ. ಆದ್ದರಿಂದ ಮಾಡುವುದಾದರೆ ಏಪ್ರಿಲ್ ಮೇ ತಿಂಗಳಲ್ಲೇ ಮಾಡಿ, ಪೂರ್ತಿ ತಣಿದ ಮೇಲೆ ಡಬ್ಬಕ್ಕೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿಳಿದು ಕೆಲಸ ಕೆಡುತ್ತದೆ. ಒಮ್ಮೆ ತೆರೆದ ಡಬ್ಬವನ್ನು ಬೇಗ ಮುಗಿಸಿ.

ಡಬ್ಬವನ್ನು ನಾವು ಆಟಿಯ ಮೊದಲ ದಿನ ತೆರೆದೆವು. ಬೂಷ್ಟಿಲ್ಲ, ಹುಳವಿಲ್ಲ, ಹುಳವಿಲ್ಲದ್ದಕ್ಕೆ ಮೊಮ್ಮಗಳಿಗೆ ಕೊಂಚ ನಿರಾಸೆ. ತುಂಡು ಮಾಡಿ ತೆಂಗಿನಹಾಲು, ಬೆಲ್ಲ, ಒಂದು ಏಲಕ್ಕಿ ಹಾಕಿ ಅರ್ಧ ಗಂಟೆ ನೆನೆಯಿಟ್ಟೆವು. ಹೊರಗೆ ಮೆತ್ತಗೆ, ನಡುವೆ ಇನ್ನೂ ಕೊಂಚ ಬಿಗಿ, ಹುರಿದ ಗೋಧಿಯ ಪರಿಮಳ. ಕಾರ್ಕಳದಿಂದ ಅಕ್ಕನೂ ಬಂದಿದ್ದಳು. ಮಗಳು ಬಡಿಸಲು ನಾಲ್ಕು ಬಟ್ಟಲುಗಳನ್ನು ಇಟ್ಟು, ನಮ್ಮನ್ನು ಎಣಿಸಿ, ಒಳಗೆ ಹೋಗಿ ಇನ್ನೊಂದನ್ನು ತಂದಳು.